ಮೇಸ್ತ್ರಿ ಮನೆಯ ಬಟಾಣಿ ಹೂ

ಬೀದಿಯವರು ಅವಳನ್ನು ಕತ್ತರಿಯಮ್ಮ ಎಂದು ಕರೆಯುವುದಕ್ಕೆ ಹೊಲಿಗೆ ಅರ್ಧ ಕಾರಣ, ನಾಲಿಗೆ ಇನ್ನರ್ಧ. ಸೊಂಟದ ಅಳತೆ ಕೊಡುವಾಗ ಹೊಟ್ಟೆಯನ್ನು ಒಳಗೆಳೆದುಕೊಂಡು ನಿಲ್ಲುವ ಗಿರಾಕಿಗೆ ಅವಳು, "ಉಸಿರು ಬಿಡಿ. ಪ್ಯಾಂಟು ಹಾಕ್ಕೊಂಡ ಮೇಲೂ ಉಸಿರಾಡಬೇಕಲ್ಲ," ಎನ್ನುತ್ತಿದ್ದಳು. ಬಾಯಲ್ಲಿ ಗುಂಡುಸೂಜಿಗಳನ್ನು ಕಚ್ಚಿಕೊಂಡೇ ಮಾತಾಡುವ ಅಭ್ಯಾಸ ಅವಳಿಗಿತ್ತು. ಮಾತು ತುಟಿಯ ಒಂದು ಮೂಲೆಯಿಂದ ಬರುತ್ತಿತ್ತು, ಆದರೆ ತಲುಪಬೇಕಾದಲ್ಲಿಗೆ ನೆಟ್ಟಗೆ ತಲುಪುತ್ತಿತ್ತು. ಬೈಸಿಕೊಂಡವರೂ ಮತ್ತೆ ಅವಳ ಬಳಿಗೇ ಬರುತ್ತಿದ್ದರು, ಏಕೆಂದರೆ ಅವಳು ಹೊಲಿದ ಬಟ್ಟೆ ಹರಿಯುತ್ತಿತ್ತೇ ಹೊರತು ಹೊಲಿಗೆ ಬಿಡುತ್ತಿರಲಿಲ್ಲ.

ಗಂಡ ಮನೆ ಕಟ್ಟುವ ಮೇಸ್ತ್ರಿ. ಅವರಿದ್ದ ಮನೆಯನ್ನು ಅವನೇ ಕಟ್ಟಿದ್ದ. ಬಚ್ಚಲಲ್ಲಿ ನೀರು ಚೆಲ್ಲಿದರೆ ಅದು ಯಾರೂ ಹೇಳದೆಯೇ ಕಿಂಡಿಯ ದಾರಿ ಹಿಡಿಯುತ್ತಿತ್ತು. ಮುಂದಿನ ಅಂಗಳವಂತೂ ಅವನ ಅಭಿಮಾನದ ಕೆಲಸ. ಕನ್ನಡಿಯಂತೆ ತೀಡಿ, ದಾರ ಹಿಡಿದು ಚೌಕ ಗೆರೆ ಎಳೆದು, ಸುತ್ತ ಕೆಂಪು ಅಂಚು ಕೊಟ್ಟಿದ್ದ. ಹೊಸದಾಗಿ ಮನೆ ಕಟ್ಟಿಸುವವರು ಬಂದರೆ ಮೊದಲು ಅಲ್ಲಿ ನಿಲ್ಲಿಸಿ, "ಚಪ್ಪಲಿ ಬಿಟ್ಟು ಕಾಲಿಟ್ಟು ನೋಡಿ," ಎನ್ನುತ್ತಿದ್ದ. ಅವರು ಕಾಲಿಟ್ಟು, ತಲೆದೂಗಿ, ಕೆಲಸ ಒಪ್ಪಿಸಿ ಹೋಗುತ್ತಿದ್ದರು.

ಮನೆಯ ಸುತ್ತ ಮಣ್ಣು ಕಾಣುವ ಜಾಗ ಒಂದೇ ಒಂದು ಉಳಿದಿತ್ತು: ಅಡುಗೆಮನೆಯ ಹಿಂದೆ, ಎರಡು ಮಂಚ ಸಾಲಾಗಿ ಹಾಕುವಷ್ಟು ಉದ್ದದ ಹಿತ್ತಲು. ಮೊದಲಿನಿಂದಲೂ ಮರಳು, ಇಟ್ಟಿಗೆ, ಸುಣ್ಣದ ಡಬ್ಬಗಳು ಅಲ್ಲಿ ಬಿದ್ದಿದ್ದವು. ದೊಡ್ಡ ಕೆಲಸ ಹಿಡಿಯುವುದನ್ನು ಮೇಸ್ತ್ರಿ ನಿಲ್ಲಿಸಿದ ವರ್ಷ ಅವೆಲ್ಲ ಖಾಲಿಯಾಗಿ, ಅಡಿಯಲ್ಲಿದ್ದ ನೆಲ ಹೊರಬಿತ್ತು. ಅದನ್ನು ನೋಡಿದಾಗಲೆಲ್ಲ ಅವನಿಗೆ ಅಂಗಿಯ ಗುಂಡಿ ಬಿಟ್ಟುಹೋದಂತೆ ಇರಿಸುಮುರಿಸಾಗುತ್ತಿತ್ತು.

ಚಳಿ ಆಗಷ್ಟೇ ಶುರುವಾಗಿದ್ದ ಒಂದು ಮಧ್ಯಾಹ್ನ, ಊಟಕ್ಕೆ ಕೂತಾಗ, ಅವನು ಮಾತು ತೆಗೆದ.

"ಹಿತ್ತಲಿಗೆ ನಾಳಿದ್ದು ಸಿಮೆಂಟ್ ಹಾಕಿಬಿಡ್ತೀನಿ ಕಣೇ. ಮಿಕ್ಕಿರೋ ಚೀಲ ಹಾಗೇ ಇದೆ. ಇಟ್ಟಷ್ಟೂ ಗಂಟು ಬೀಳುತ್ತೆ."

"ಹಾಕಬೇಡಿ," ಎಂದಳು ಕತ್ತರಿಯಮ್ಮ.

ಮೇಸ್ತ್ರಿ ತಟ್ಟೆಯಿಂದ ತಲೆ ಎತ್ತಿದ. ಮದುವೆಯಾದಾಗಿನಿಂದ ಅವನ ಕೆಲಸಕ್ಕೆ ಅವಳು ಬೇಡ ಎಂದದ್ದಿಲ್ಲ. ಅವಳ ಬಟ್ಟೆಗೆ ಅವನು ಕೈ ಹಾಕಿದ್ದೂ ಇಲ್ಲ.

"ಯಾಕೆ?"

"ಅಲ್ಲಿ ಗಿಡ ಹಾಕ್ತೀನಿ."

"ನೀನಾ? ಕುಂಡದ ಗಿಡಕ್ಕೆ ನೀರು ಹಾಕೋದು ಮರೆತು ಒಣಗಿಸಿದವಳು ನೀನೇ ಅಲ್ವಾ?"

"ಅದು ನಿಮ್ಮ ತಂಗಿ ಕೊಟ್ಟ ಗಿಡ. ಅದರ ವಿಷಯ ಬೇರೆ."

ತಂಗಿ ಅಲ್ಲೇ ಹೊಸ್ತಿಲ ಮೇಲೆ ಕೂತಿದ್ದಳು. ಗೋಡೆಗೆ ಗೋಡೆ ತಗುಲಿದ ಪಕ್ಕದ ಮನೆ ಅವಳದು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ಬೆಳಗಿನ ಪಾಳಿ ಮುಗಿದ ಮೇಲೆ ಅಣ್ಣನ ಮನೆಯಲ್ಲಿ ಹಾಜರಿ ಹಾಕದಿದ್ದರೆ ಅವಳಿಗೆ ದಿನ ಹೋಗುತ್ತಿರಲಿಲ್ಲ. "ಏನು ಗಿಡ ಅತ್ತಿಗೆ?" ಎಂದು ಕೇಳಿದಳು.

"ಸ್ವೀಟ್‌ಪೀ. ಬಟಾಣಿ ಜಾತಿಯ ಬಳ್ಳಿ. ಹೂವಿನದು."

"ಅಡುಗೆಗೆ ಆಗುತ್ತಾ?"

"ಇಲ್ಲ. ಅದರ ಕಾಳು ತಿಂದರೆ ನೀನು ಬಟ್ಟೆ ಒಗೆಯೋ ಆಸ್ಪತ್ರೆಯಲ್ಲೇ ಮಲಗಬೇಕಾಗುತ್ತೆ."

"ತಿನ್ನೋಕೆ ಬಾರದ ಬಟಾಣಿ! ಅಣ್ಣಾ, ನಿನ್ನ ಹೆಂಡತಿಗೆ ಜೋಡಿ ಸಿಕ್ಕಿದೆ ನೋಡು."

ಕತ್ತರಿಯಮ್ಮನ ಬಯಕೆಗೆ ಹಿಂದೆ ಒಂದು ಕಾರಣವಿತ್ತು. ಅದನ್ನು ಅವಳು ಯಾರಿಗೂ ಬಿಡಿಸಿ ಹೇಳಿರಲಿಲ್ಲ, ಹೇಳಿದರೆ ಬೆಲೆ ಕಡಿಮೆಯಾಗುತ್ತದೆ ಎಂಬುದು ಅವಳ ನಂಬಿಕೆ. ಹುಡುಗಿಯಾಗಿದ್ದಾಗ ಅವಳು ಕಲಿತ ಹೊಲಿಗೆ ಶಾಲೆಯಲ್ಲಿ ಟೀಚರು ಮೇಜಿನ ಮೇಲೆ ಒಂದು ಲೋಟದಲ್ಲಿ ಆ ಹೂಗಳನ್ನು ಇಡುತ್ತಿದ್ದರು. ಕೋಣೆ ತುಂಬ ಪರಿಮಳ. ಬೇರೆ ಹುಡುಗಿಯರು ಮೂಸಿ ಮೂಸಿ ಕಣ್ಣು ಮುಚ್ಚುತ್ತಿದ್ದರು. ಇವಳು ಕಣ್ಣು ಬಿಟ್ಟು ನೋಡಿದ್ದು ದಳದ ಅಂಚನ್ನು. ಅಷ್ಟು ತೆಳುವಾದ ಬಟ್ಟೆ, ಅಷ್ಟು ಹದವಾದ ಸುಕ್ಕು, ಅಂಚನ್ನು ಮಡಿಸಿ ಹೊಲಿದಿಲ್ಲ, ಆದರೂ ಒಂದು ಎಳೆ ಬಿಚ್ಚಿಕೊಂಡಿಲ್ಲ. "ಇಂಥ ಫ್ರಿಲ್ಲು ಹೊಲಿದವಳಿಗೆ ಮಾತ್ರ ನಾನು ಹೊಲಿಗೆಯವಳು ಅನ್ನೋದು," ಎಂದು ಟೀಚರು ಇಡೀ ತರಗತಿಗೆ ಹೇಳಿದ್ದರು. ಆಮೇಲೆ ಇವಳು ಹೊಲಿದ ಮಕ್ಕಳ ಫ್ರಾಕುಗಳ ಫ್ರಿಲ್ಲಿಗಾಗಿಯೇ ಆಚೆ ಬೀದಿಗಳಿಂದ ಜನ ಬರುವಂತಾಯಿತು. ಆದರೆ ಟೀಚರು ಇಟ್ಟಿದ್ದ ಹೂವಿನ ಪಕ್ಕದಲ್ಲಿ ತನ್ನ ಕೆಲಸವನ್ನು ಇಟ್ಟು ನೋಡುವ ಅವಕಾಶ ಸಿಕ್ಕಿರಲಿಲ್ಲ. ಹೊಗಳಿಕೆ ಸಾಕಷ್ಟು ಬಂದಿತ್ತು. ಅವಳಿಗೆ ಬೇಕಾಗಿದ್ದದ್ದು ಅಳತೆ.

ಕೊನೆಗೆ ಮೇಸ್ತ್ರಿ ಒಂದು ಷರತ್ತು ಹಾಕಿದ. "ಬೇಸಿಗೆ ಕಾಲಿಡೋದ್ರೊಳಗೆ ಹೂ ಬಿಟ್ಟರೆ ಹಿತ್ತಲು ನಿನ್ನದು. ಬಿಡದಿದ್ದರೆ ಸಿಮೆಂಟ್. ಆಗ ನೀನು ಒಂದು ಮಾತೂ ಆಡಬಾರದು. ಚೀಲ ಹಲಗೆ ಮೇಲಿಟ್ಟು ಪ್ಲಾಸ್ಟಿಕ್ ಸುತ್ತಿದರೆ ಅಲ್ಲೀವರೆಗೆ ತಡೆಯುತ್ತೆ."

"ಒಂದು ಮಾತೂ ಆಡದೆ ಇರೋದಾ?" ಎಂದು ನಾದಿನಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. "ಅತ್ತಿಗೆ, ಹೇಗಾದರೂ ಮಾಡಿ ಹೂ ಬಿಡಿಸಿ. ಇಲ್ಲದಿದ್ದರೆ ನಿಮ್ಮ ಜೀವಕ್ಕೇ ಅಪಾಯ."

ಬೀಜ ತರಲು ಅತ್ತಿಗೆ ನಾದಿನಿ ಇಬ್ಬರೂ ಒಟ್ಟಿಗೆ ಹೋದರು. ಬೀಜದಂಗಡಿಯ ಮುದುಕ ಬಾಯಿ ಬಿಡುವ ಮೊದಲು ಕನ್ನಡಕ ಒರೆಸುವ ಜಾತಿಯವನು. ಕತ್ತರಿಯಮ್ಮ ಕಾಗದದಲ್ಲಿ ಕಟ್ಟಿ ತಂದ ಹಿತ್ತಲ ಮಣ್ಣನ್ನು ಅಂಗೈಯಲ್ಲಿ ಹರಡಿ ನೋಡಿ, "ಸುಣ್ಣದ ನೆಲ. ಬೇರೆ ಗಿಡಕ್ಕಾಗಿದ್ರೆ ಬೇಡ ಅಂತಿದ್ದೆ. ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಗೊಬ್ಬರ ಒಂದು ಬೆರೆಸಿ ಅಮ್ಮಾ," ಎಂದ. ಬೀಜದ ಸಿಪ್ಪೆ ಗಟ್ಟಿ, ಒಂದು ಕಡೆ ಗೀರಿ ನೀರಲ್ಲಿ ನೆನೆಹಾಕಬೇಕು ಎಂದ. ಸಸಿ ಗೇಣುದ್ದ ಆಗುವ ಮೊದಲೇ ತುದಿ ಚಿವುಟಬೇಕು ಎಂದೂ ಹೇಳಿದ. ಮೊದಲ ಎರಡನ್ನು ಅವಳು ಕಿವಿಗೊಟ್ಟು ಕೇಳಿದಳು. ಮೂರನೆಯದು ಅವಳಿಗೆ ಒಪ್ಪಿಗೆಯಾಗಲಿಲ್ಲ.

ಸುಣ್ಣದ ವಿಷಯವನ್ನು ಗಂಡನಿಗೆ ಹೇಳುವ ಉದ್ದೇಶ ಅವಳಿಗಿರಲಿಲ್ಲ. ಆದರೆ ನಾದಿನಿಯ ಹೊಟ್ಟೆಯಲ್ಲಿ ಮಾತು ನಿಂತ ಚರಿತ್ರೆಯಿಲ್ಲ.

"ಹಾಗಾದರೆ ಹೂ ಬಂದರೆ ಅದು ನನ್ನದೇ," ಎಂದ ಮೇಸ್ತ್ರಿ. "ಆ ಸುಣ್ಣ ಚೆಲ್ಲಿದವನು ಯಾರು?"

"ಚೆಲ್ಲಿದ್ದಕ್ಕೂ ಬಹುಮಾನ ಕೇಳುವವರನ್ನು ಇವತ್ತೇ ನೋಡಿದ್ದು," ಎಂದಳು ಕತ್ತರಿಯಮ್ಮ.

ಬೀಜಗಳ ಸಿಪ್ಪೆಯನ್ನು ಅವಳು ಹೊಲಿಗೆ ಬಿಚ್ಚುವ ಪುಟ್ಟ ಕೊಕ್ಕೆಯಿಂದ ಗೀರಿದಳು. ಕಾಲರಿನ ಹೊಲಿಗೆ ಬಿಚ್ಚುವಾಗ ಬಟ್ಟೆಗೆ ನೋವಾಗದಂತೆ ಬಿಚ್ಚುವ ಕೈ ಅದು. ಒಂದು ಬೀಜದ ತಿರುಳಿಗೂ ಗಾಯವಾಗಲಿಲ್ಲ. ಇಟ್ಟಿಗೆ ಚೂರುಗಳನ್ನು ಆರಿಸಿ, ಗೊಬ್ಬರ ಬೆರೆಸಿ, ಗೋಡೆಯುದ್ದಕ್ಕೂ ಒಂದೇ ಸಾಲಿನಲ್ಲಿ ಬಿತ್ತಿದಳು. ಸಾಲು ನೆಟ್ಟಗೆ ಬರಲಿ ಎಂದು ಮೇಸ್ತ್ರಿಯ ನೂಲುಗುಂಡಿನ ದಾರವನ್ನು ಕೇಳದೆ ತೆಗೆದುಕೊಂಡಿದ್ದಳು. ಅವನು ಅದನ್ನು ನೋಡಿದ. ಅವಳು ಮಿಷನ್ನಿಗೆ ಹೋಗಿ ಕೂತ ಮೇಲೆ ರಸಮಟ್ಟ ತಂದು ಪಾತಿಯ ಅಂಚಿನ ಮೇಲಿಟ್ಟು ನೋಡಿದ. ಒಂದು ಕೊನೆ ತುಸು ತಗ್ಗಿತ್ತು. ಅದನ್ನು ಊಟದ ಹೊತ್ತಿಗೆ ತಿಳಿಸಿದ.

ಮೊಳಕೆ ಬಂತು. ಚಳಿಗಾಲದ ಓರೆ ಬಿಸಿಲು ಅಡುಗೆಮನೆಯ ಕಿಟಕಿಯವರೆಗೆ ಬರತೊಡಗಿದಾಗ ಸಸಿಗಳು ಬೆರಳೆತ್ತರವಾಗಿ, ಎಳೆನೂಲಿನಂಥ ಕುಡಿಗಳನ್ನು ಚಾಚಿ ಹಿಡಿಯಲು ಏನಾದರೂ ಸಿಗುತ್ತದೆಯೇ ಎಂದು ಗಾಳಿಯಲ್ಲಿ ತಡಕಾಡಿದವು. ಕತ್ತರಿಯಮ್ಮ ಗೋಡೆಗೆ ಮೊಳೆ ಹೊಡೆಸಿ ಮೇಲಿನಿಂದ ಕೆಳಗೆ ಹುರಿ ಇಳಿಬಿಟ್ಟಳು. ಆದರೆ ಬಳ್ಳಿ ತನಗೆ ತೋಚಿದ ಕಡೆಗೆ ವಾಲುವುದು ಅವಳಿಗೆ ಸರಿಬರಲಿಲ್ಲ. ವಾಲಿದ್ದನ್ನು ನೆಟ್ಟಗೆ ಮಾಡುವುದೇ ಅವಳ ಕಸುಬು. ಪ್ಯಾಂಟಿನ ಹಿಂಬದಿಗೆ ಹಾಕುವ, ಎಳೆದರೂ ಕಡಿಯದ ದಾರವನ್ನು ತಂದು ಪ್ರತಿ ಬಳ್ಳಿಯನ್ನೂ ಹುರಿಗೆ ಬಿಗಿಯಾಗಿ ಕಟ್ಟಿದಳು. ಪ್ರತಿ ಕಟ್ಟಿನ ಮಧ್ಯೆ ಸಮ ಅಂತರ. ಗಂಟು ಹೊರಗೆ ಕಾಣದ ಹಾಗೆ ಹಿಂದಕ್ಕೆ ತಿರುಗಿಸಿದ್ದಳು.

"ಮಕ್ಕಳನ್ನು ಶಾಲೆಯ ಪ್ರಾರ್ಥನೆಗೆ ನಿಲ್ಲಿಸಿದ ಹಾಗಿದೆ ಅತ್ತಿಗೆ," ಎಂದಳು ನಾದಿನಿ.

"ಹಾಗೇ ನಿಲ್ಲಬೇಕು."

ನಿಂತವು ಕೂಡ. ಸೊಂಟದೆತ್ತರ ಬಂದವು. ಮೇಲ್ತುದಿಯಲ್ಲಿ ಹಸಿರು ಮೊಗ್ಗುಗಳು ಕಾಣಿಸಿಕೊಂಡವು. ಕತ್ತರಿಯಮ್ಮ ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ಸಾಲಿನ ಮುಂದೆ ಒಂದು ಸಲ ಹೋಗಿಬರುತ್ತಿದ್ದಳು, ತಪಾಸಣೆಗೆ ಬಂದ ಅಧಿಕಾರಿಯಂತೆ. ಮುಖದಲ್ಲಿ ನಗುವಿರಲಿಲ್ಲ, ಆದರೆ ಲೋಟ ಮುಗಿಯಲು ಎಂದಿಗಿಂತ ಹೆಚ್ಚು ಹೊತ್ತು ಹಿಡಿಯುತ್ತಿತ್ತು.

ಒಂದು ಸಂಜೆ ಗಾಳಿ ಎದ್ದಿತು. ಬಹಳ ದೊಡ್ಡ ಗಾಳಿಯೇನಲ್ಲ. ಬೀದಿಯಲ್ಲಿ ಒಂದೆರಡು ಬಕೆಟ್ಟು ಉರುಳಿದವು, ಅಷ್ಟೇ. ಬೆಳಿಗ್ಗೆ ಹಿತ್ತಲ ಬಾಗಿಲು ತೆಗೆದರೆ ಇಡೀ ಸಾಲು ತಲೆ ಕೆಳಗಾಗಿ ನೇತಾಡುತ್ತಿತ್ತು. ಎಲ್ಲವೂ ಮುರಿದದ್ದು ಒಂದೇ ಜಾಗದಲ್ಲಿ, ಅವಳು ಮೊದಲು ಕಟ್ಟಿದ್ದ ಗಂಟಿನ ಬಳಿ. ಕಟ್ಟಿದಾಗ ಕಡ್ಡಿಯಂತಿದ್ದ ಕಾಂಡ ಈಗ ದಪ್ಪಗಾಗಿತ್ತು. ದಾರ ಒಂದಿಷ್ಟೂ ಬಿಟ್ಟುಕೊಟ್ಟಿರಲಿಲ್ಲ. ಒಳಗೊಳಗೇ ಕಾಂಡವನ್ನು ಕೊರೆದು ಇಟ್ಟಿತ್ತು. ಗಾಳಿ ಮಾಡಿದ್ದು ಕೊನೆಯ ಕೆಲಸ ಮಾತ್ರ.

ಕತ್ತರಿಯಮ್ಮ ಅಳಲಿಲ್ಲ. ಅವಳಿಗೆ ಬಂದದ್ದು ಸಿಟ್ಟು, ಅದೂ ತನ್ನ ಮೇಲೆ. ಬೀದಿಯ ಅಷ್ಟೂ ಮಕ್ಕಳ ಯೂನಿಫಾರ್ಮನ್ನು ಅವಳು ಹೊಲಿದಿದ್ದಳು. ಪ್ರತಿಯೊಂದರ ಒಳಗೂ, ತೋಳಿನಲ್ಲಿ, ಪಕ್ಕದಲ್ಲಿ, ಕೆಳಗಂಚಿನಲ್ಲಿ, ಬೆಳೆಯುವ ಮೈಗೆಂದು ಬಟ್ಟೆ ಬಿಟ್ಟಿರುತ್ತಿದ್ದಳು. ತಾಯಂದಿರು ಮರೆತರೂ ಅವಳು ಮರೆಯುತ್ತಿರಲಿಲ್ಲ. ಅಂಥವಳು ಒಂದು ಬಟಾಣಿ ಬಳ್ಳಿಗೆ ಬೆಳೆಯಲು ಜಾಗ ಬಿಡದೆ ಬಿಗಿದಿದ್ದಳು. ಬೇರೆ ಹೊಲಿಗೆಯವಳು ಹೀಗೆ ಮಾಡಿದ್ದರೆ ಅವಳು ಅಂಥವಳ ಕೈಗೆ ಕರವಸ್ತ್ರವನ್ನೂ ಕೊಡುತ್ತಿರಲಿಲ್ಲ.

ಉಳಿದ ಗಂಟುಗಳನ್ನೆಲ್ಲ ಬಿಚ್ಚಿ ಹಾಕಿದಳು. ಮುರಿದ ಒಂದು ಕಾಂಡವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಬೀಜದಂಗಡಿಗೆ ನಡೆದಳು.

ಮುದುಕ ಕನ್ನಡಕ ಒರೆಸಿದ. "ತುದಿ ಚಿವುಟಿ ಅಂದಿದ್ದೆ."

"ಅಂದಿದ್ರಿ. ಚೆನ್ನಾಗಿ ಬರ್ತಿರೋದನ್ನು ಕತ್ತರಿಸೋದಕ್ಕೆ ನನಗೆ ಕೈ ಬರಲ್ಲ."

"ಈಗ ಗಾಳಿ ಚಿವುಟಿದೆ, ಅಷ್ಟೇ. ಸ್ವಲ್ಪ ಕೆಳಗೇ ಚಿವುಟಿದೆ. ಬುಡದ ಎಲೆಯ ಸಂದಿಯಲ್ಲಿ ಚಿಗುರೊಡೆಯೋ ಕಣ್ಣು ಇರುತ್ತೆ, ನೋಡಿ. ಮುರಿದ ಜಾಗದಲ್ಲಿ ನೀಟಾಗಿ ಕತ್ತರಿಸಿ. ಒಂದು ಹೋದ ಕಡೆ ಎರಡು ಮೂರು ಕವಲು ಬರ್ತವೆ. ಆದರೆ ಸಮಯ ಬೇಕು ಅಮ್ಮಾ. ಬೇಸಿಗೆ ಹತ್ತಿರ ಬಂದುಬಿಡುತ್ತೆ."

ಸಮಯವೇ ಅವಳ ಬಳಿ ಇಲ್ಲದ್ದು. ಕೇಳಿದರೆ ಗಂಡ ಕೊಡುತ್ತಿದ್ದನೇನೋ. ಆದರೆ ಮಾತಿಗೆ ಒಪ್ಪಿದ ಮೇಲೆ ಕೇಳುವುದು ಅವಳ ಜಾಯಮಾನವಲ್ಲ. ಹೇಳಿದ ದಿನಕ್ಕೆ ಬಟ್ಟೆ ಕೊಡದ ಹೊಲಿಗೆಯವರನ್ನು ಅವಳು ಜೀವಮಾನವಿಡೀ ಹಳಿದಿದ್ದಳು.

ಹಿಂದಿರುಗಿ ಬಂದಾಗ ಮೇಸ್ತ್ರಿ ಹಿತ್ತಲಲ್ಲಿ ನಿಂತಿದ್ದ. ಕೈಯಲ್ಲಿ ಸಿಮೆಂಟ್ ಬಳಿಯುವ ಕರಣೆ. ನಾದಿನಿಯೂ ಬಂದಿದ್ದಳು.

"ಆಟ ಮುಗೀತು ಅಣ್ಣಾ," ಎಂದಳು. "ಪಾಪ ಅತ್ತಿಗೆ. ಪ್ರಾರ್ಥನೆಗೆ ನಿಲ್ಲಿಸಿದ ಮಕ್ಕಳೆಲ್ಲ ತಲೆ ಸುತ್ತಿ ಬಿದ್ದಿದಾರೆ."

ಕತ್ತರಿಯಮ್ಮ ಅವಳನ್ನು ದಾಟಿಕೊಂಡು ಹೋಗಿ ಮುರಿದ ಕಾಂಡಗಳನ್ನು ಒಂದೊಂದಾಗಿ ಕತ್ತರಿಸತೊಡಗಿದಳು. ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿಯಿಂದಲೇ. ಈಗ ಬೇರೆ ಊರಿನಲ್ಲಿರುವ ಮಗ ಚಿಕ್ಕವನಿದ್ದಾಗ ಆ ಕತ್ತರಿಯಲ್ಲಿ ಕಾಗದ ಕತ್ತರಿಸಿದ್ದಕ್ಕೆ ಅವಳು ಒಂದು ವಾರ ಅವನಿಗೆ ಮುಖ ಕೊಟ್ಟಿರಲಿಲ್ಲ. ಅದು ಮೇಸ್ತ್ರಿಗೆ ಗೊತ್ತಿತ್ತು.

"ಏನು ಮಾಡೋಣ ಅಂತೀಯಾ?" ಎಂದು ಕೇಳಿದ.

"ನಿಮ್ಮ ಮಾತು ನಿಮಗೆ ನೆನಪಿದೆ. ನನ್ನದು ನನಗೆ. ಬೇಸಿಗೆ ಇನ್ನೂ ಬಂದಿಲ್ಲ."

"ಬರೋ ಹೊತ್ತಿಗೆ ಇದು ಹೂ ಬಿಡುತ್ತಾ?"

ಅವಳಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. "ಅನುಮಾನ," ಎಂದಳು.

ಮೇಸ್ತ್ರಿ ಸ್ವಲ್ಪ ಹೊತ್ತು ಕತ್ತರಿಯನ್ನೇ ನೋಡಿದ. ಆಮೇಲೆ ಮೂಲೆಯಲ್ಲಿದ್ದ ಸಿಮೆಂಟಿನ ಚೀಲದ ಬಳಿ ಹೋಗಿ, ಪ್ಲಾಸ್ಟಿಕ್ ಸರಿಸಿ, ಬಾಯಿ ಬಿಚ್ಚಿ, ಮೊಣಕೈವರೆಗೆ ಕೈ ಹಾಕಿ ಒಳಗೇ ಹಿಸುಕಿ ನೋಡಿದ. ಮುಖ ಗಂಟಿಕ್ಕಿಕೊಂಡು ಕೈ ಹೊರತೆಗೆದ.

"ಗಂಟು ಬಿದ್ದಿದೆ. ಗಂಟು ಬಿದ್ದ ಸಿಮೆಂಟನ್ನು ನನ್ನ ಮನೆಗೆ ನಾನು ಹಾಕಲ್ಲ. ಹೊಸದು ಬಂದ ಮೇಲೆ ನೋಡೋಣ."

"ಹಾಗಾದರೆ ಇದು?" ಎಂದಳು ತಂಗಿ.

"ನೀನು ತಗೊಂಡು ಹೋಗು. ನಿನ್ನ ಹಿಂಬಾಗಿಲ ಮೆಟ್ಟಿಲಿಗೆ ಹಾಕಿಕೊಡ್ತೀನಿ."

"ಆಹಾ! ಮೆಟ್ಟಿಲು ಮುರಿದಿದೆ ಅಂತ ಬಾಯಿ ಬಡ್ಕೊಂಡು ಎಷ್ಟು ಕಾಲ ಆಯ್ತು, ಈಗ ನೆನಪಾಯ್ತಾ? ನಿನ್ನ ಮನೆಗೆ ಬೇಡದ ಗಂಟು ಸಿಮೆಂಟು ನನ್ನ ಮನೆಗಾಗುತ್ತೆ, ಅಲ್ವಾ?"

ಬೈದುಕೊಂಡೇ ಅವಳು ಚೀಲದ ಒಂದು ಕಿವಿ ಹಿಡಿದಳು. ಮೆಟ್ಟಿಲು ಎರಡು ದಿನದಲ್ಲಿ ಸಿದ್ಧವಾಯಿತು. ನಾದಿನಿ ಅತ್ತಿಗೆಯ ಮಿಷನ್ನಿನ ಪಕ್ಕ ಬಂದು ಕೂತು, "ಅಣ್ಣ ಸುಮ್ಮನೆ ಹೆದರಿಸಿದ ನೋಡಿ. ಒಂದು ಗಂಟೂ ಇರಲಿಲ್ಲ. ಜರಡಿ ಹಿಡಿದ ಹಿಟ್ಟಿನ ಹಾಗಿತ್ತು. ವಯಸ್ಸಾಯ್ತು ಅವನಿಗೆ, ಕೈಗೆ ತಿಳಿಯಲ್ಲ," ಎಂದಳು.

ಕತ್ತರಿಯಮ್ಮನ ಕಾಲು ಪೆಡಲಿನ ಮೇಲೆ ಕ್ಷಣ ನಿಂತಿತು. ಮೇಸ್ತ್ರಿಯ ಕೈಗೆ ತಿಳಿಯದ ಸಿಮೆಂಟು ಇನ್ನೂ ತಯಾರಾಗಿಲ್ಲ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬಾಯಲ್ಲಿ ಸೂಜಿಗಳಿದ್ದವು. "ಹೂಂ," ಎಂದು ಹೊಲಿಗೆ ಮುಂದುವರಿಸಿದಳು. ಆ ವಿಷಯವನ್ನು ಅವಳು ಇವತ್ತಿನವರೆಗೆ ಎತ್ತಿಲ್ಲ. ಅವನೂ ಎತ್ತಿಲ್ಲ. ಹೊಸ ಚೀಲ ತರಲು ಅವನಿಗೆ ಪ್ರತಿದಿನವೂ ಏನಾದರೊಂದು ಅಡ್ಡ ಬರುತ್ತಿತ್ತು.

ಬುಡದ ಕಣ್ಣುಗಳು ಒಡೆದವು. ಮುದುಕ ಹೇಳಿದಂತೆ ಒಂದರ ಜಾಗದಲ್ಲಿ ಎರಡು, ಕೆಲವು ಕಡೆ ಮೂರು ಕವಲು. ಈ ಸಲ ಅವಳು ಹತ್ತಿ ಬಟ್ಟೆಯ ಮೆತ್ತನೆಯ ಪಟ್ಟಿಗಳನ್ನು ಹರಿದು, ಬೆರಳು ತೂರುವಷ್ಟು ಸಡಿಲವಾಗಿ ಕಟ್ಟಿದಳು. ಬಳ್ಳಿಗಳು ಅಡ್ಡಾದಿಡ್ಡಿ ಹತ್ತಿದವು. ಒಂದರ ಹೆಗಲ ಮೇಲೆ ಇನ್ನೊಂದು ಕೈ ಹಾಕಿಕೊಂಡು, ಪ್ರಾರ್ಥನೆ ಬಿಟ್ಟು ಆಟದ ಮೈದಾನಕ್ಕೆ ಓಡಿದ ಮಕ್ಕಳಂತೆ. ಅವಳು ಅದನ್ನು ನೋಡಿಯೂ ನೋಡದವಳಂತೆ ಇರಲು ಕಲಿತಳು. ಅದು ಸುಲಭವಾಗಿರಲಿಲ್ಲ.

ಬೇಸಿಗೆ ಹೊಸ್ತಿಲಲ್ಲಿದ್ದಾಗ ಹೂ ಬಿಟ್ಟಿತು. ಮೊದಲು ಒಂದು ತಿಳಿಗುಲಾಬಿ, ಮರುದಿನ ನೇರಳೆ, ಆಮೇಲೆ ಲೆಕ್ಕವಿಡುವ ಗೋಜಿಗೆ ಯಾರೂ ಹೋಗಲಿಲ್ಲ. ಮುರಿಯದಿದ್ದರೆ ಒಂದೊಂದೇ ಕಡ್ಡಿಯಾಗಿ ನಿಲ್ಲುತ್ತಿದ್ದ ಸಾಲು ಗೋಡೆಯನ್ನೇ ಮುಚ್ಚಿತು. ಪರಿಮಳ ಅಡುಗೆಮನೆ ದಾಟಿ ಮುಂದಿನ ಕೋಣೆಗೆ ಬಂದು, ಅಳತೆ ಕೊಡಲು ನಿಂತ ಗಿರಾಕಿಗಳು ತಾವಾಗಿಯೇ ಉಸಿರು ಬಿಟ್ಟು, ಮತ್ತೆ ಉದ್ದಕ್ಕೆ ಎಳೆದುಕೊಳ್ಳುವಂತಾಯಿತು.

ಅಂಥ ಒಂದು ದಿನ ಕತ್ತರಿಯಮ್ಮ ಒಂದು ಹೂವನ್ನು ಕೊಯ್ದು ತಂದು, ತಾನು ಹೊಲಿದು ಮುಗಿಸಿದ್ದ ಫ್ರಾಕಿನ ಫ್ರಿಲ್ಲಿನ ಪಕ್ಕ ಇಟ್ಟಳು. ಬಾಗಿಲು ಮುಂದೆ ಮಾಡಿ, ಕಿಟಕಿಯ ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿದಳು. ಸುಕ್ಕಿನ ಹದದಲ್ಲಿ ವ್ಯತ್ಯಾಸವಿರಲಿಲ್ಲ. ಅಂಚಿನಲ್ಲಿ ಹೂ ಒಂದು ಗುಲಗಂಜಿಯಷ್ಟು ಮೇಲು. ಅದಕ್ಕೆ ಎಳೆ ಬಿಚ್ಚುವ ಭಯವಿಲ್ಲ, ಮಡಿಸುವ ತಾಪತ್ರಯವಿಲ್ಲ. ಇದನ್ನು ಗಣನೆಗೆ ತೆಗೆದುಕೊಂಡರೆ ತನ್ನ ಕೆಲಸ ಕಡಿಮೆಯೇನಲ್ಲ ಎಂದು ತೀರ್ಮಾನಿಸಿದಳು. ತೀರ್ಮಾನ ಸರಿಯಾಗಿತ್ತು. ಆ ಫ್ರಿಲ್ಲನ್ನು ನೋಡಿದ ಯಾರೂ ಬೇರೆ ಮಾತು ಹೇಳಲಾರರು.

ದಿನಾ ಬೆಳಿಗ್ಗೆ ಅವಳು ಅರಳಿದ್ದನ್ನೆಲ್ಲ ಕತ್ತರಿಸತೊಡಗಿದಳು. ಮೇಸ್ತ್ರಿಗೆ ಹೊಟ್ಟೆಯುರಿಯಿತು. ಕಟ್ಟಿದ್ದನ್ನು ಕಟ್ಟಿದವರೇ ಕೆಡವುವುದು ಅವನು ಕಂಡು ಕೇಳಿದ ವಿಷಯವಲ್ಲ.

"ಇಷ್ಟು ಒದ್ದಾಡಿ ಬೆಳೆಸಿದ್ದು ಕತ್ತರಿಸಿ ಹಾಕೋದಕ್ಕಾ?"

"ಬಿಟ್ಟರೆ ಕಾಯಿ ಕಟ್ಟುತ್ತೆ. ಕಾಯಿ ಕಟ್ಟಿದರೆ ಕೆಲಸ ಮುಗೀತು ಅಂತ ಗಿಡ ಹೂ ನಿಲ್ಲಿಸುತ್ತೆ. ಕತ್ತರಿಸ್ತಾ ಇದ್ದರೆ ಬಿಡ್ತಾ ಇರುತ್ತೆ."

"ಯಾರು ಹೇಳಿದ್ದು?"

"ಯಾರೂ ಹೇಳಬೇಕಾಗಿಲ್ಲ. ಕತ್ತರಿಸಿ ನೋಡಿದೆ."

ಹೂಗಳು ಬೀದಿಯ ಮನೆಮನೆಗೂ ಹೋದವು. ಹೂ ಸಿಕ್ಕವರು ಗಿಡ ನೋಡಲು ಬಂದರು. ಮೇಸ್ತ್ರಿಯೇ ಅವರನ್ನು ಒಳಗೆ ಕರೆದು, ಮಿಷನ್ನು, ಮಂಚ, ಅಡುಗೆ ಒಲೆ ಎಲ್ಲ ದಾಟಿಸಿ ಹಿತ್ತಲಿಗೆ ಕರೆದೊಯ್ಯುತ್ತಿದ್ದ. "ಇದು ಎಲ್ಲ ಕಡೆ ಬರಲ್ಲ. ಸುಣ್ಣದ ನೆಲ ಬೇಕು," ಎನ್ನುತ್ತಿದ್ದ. ಆ ಸುಣ್ಣ ಎಲ್ಲಿಂದ ಬಂತೆಂದು ಅವರು ಕೇಳುವವರೆಗೆ ಕಾಯುತ್ತಿದ್ದ. ಕೇಳದಿದ್ದರೆ ತಾನೇ ಹೇಳುತ್ತಿದ್ದ. ನಾದಿನಿ ಹಿಂದೆ ನಿಂತು, "ಬೀಜದಂಗಡಿಗೆ ಕರ್ಕೊಂಡು ಹೋದವಳು ನಾನು," ಎಂದು ಸೇರಿಸುತ್ತಿದ್ದಳು. ಕತ್ತರಿಯಮ್ಮ ಇಬ್ಬರನ್ನೂ ತಿದ್ದಲಿಲ್ಲ. ಗೋಡೆಯ ಮೇಲಿದ್ದದ್ದು ಯಾರ ಕೈಯ ಕೆಲಸ ಎಂಬುದು ನೋಡಿದವರಿಗೆ ತಿಳಿಯುತ್ತಿತ್ತು.

ಆದರೆ ಮೇಸ್ತ್ರಿಗೆ ಇನ್ನೊಂದು ಕೊರಗು ಶುರುವಾಗಿತ್ತು. ಬೀದಿಯಲ್ಲಿ ಹೋಗುವವರಿಗೆ ಮನೆಯ ಮುಂದೆ ಕಾಣುವುದು ಅಂಗಳ, ಹೂ ಇರುವುದು ಹಿಂದೆ. ಕರೆದು ಒಳಗೆ ಕರೆತಂದರೆ ಮಾತ್ರ ಕಾಣುತ್ತದೆ. ಕೆಲಸ ಮಾಡಿದ ಮೇಲೆ ಕಾಣಬೇಕು ಎಂಬುದು ಅವನ ವೃತ್ತಿಯ ಮೊದಲ ಪಾಠ. ಒಂದು ಬೆಳಿಗ್ಗೆ ಅವನು ಸುತ್ತಿಗೆ, ಉಳಿ ಹಿಡಿದು ಮುಂದಿನ ಅಂಗಳಕ್ಕಿಳಿದ. ಕಾಂಪೌಂಡಿನುದ್ದಕ್ಕೂ, ಕೆಂಪು ಅಂಚಿನ ಒಳಗಡೆ, ದಾರ ಹಿಡಿದು ಒಂದು ಪಟ್ಟಿ ಗುರುತು ಹಾಕಿದ.

"ಇದೇನು ಮಾಡ್ತಿದೀರಿ?" ಎಂದು ಕತ್ತರಿಯಮ್ಮ ಕಿಟಕಿಯಿಂದ ಕೇಳಿದಳು.

"ಮುಂದಿನ ಸಲ ಇಲ್ಲೇ ಹಾಕು. ಬಿಸಿಲೂ ಚೆನ್ನಾಗಿದೆ. ರಸ್ತೆಗೂ ಕಾಣುತ್ತೆ."

"ನಾನು ಕೇಳಲಿಲ್ಲ."

"ನೀನು ಯಾವಾಗ ಕೇಳಿದೀಯಾ?"

ಅವನು ಮೊದಲ ಏಟು ಹಾಕಿದ. ಉಳಿ ಚಿಮ್ಮಿ ಪಕ್ಕಕ್ಕೆ ಹಾರಿತು, ನೆಲದ ಮೇಲೆ ಬರೀ ಒಂದು ಬಿಳಿ ಗುರುತು. ಎರಡನೆಯದಕ್ಕೂ ಅಷ್ಟೇ. ಮೇಸ್ತ್ರಿಯ ಮುಖ ಅರಳಿತು. ಹೊಸ್ತಿಲ ಮೇಲೆ ಬಂದು ನಿಂತ ತಂಗಿಯನ್ನು ಕೂಗಿ, "ನೋಡಿದ್ಯಾ? ನೋಡಿದ್ಯಾ ಎಷ್ಟು ಗಟ್ಟಿ? ಇದು ನಾನು ಹಾಕಿದ ನೆಲ!" ಎಂದ. ಮಧ್ಯಾಹ್ನದವರೆಗೆ ಬಡಿದರೂ ಬಿಟ್ಟದ್ದು ಅಂಗೈಯಷ್ಟು. ಬೆವರು ಸುರಿಯುತ್ತಿತ್ತು. ಪ್ರತಿ ಏಟಿಗೂ ಒಂದೊಂದು ಹೊಗಳಿಕೆ, ದಾರಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ಪ್ರದರ್ಶನ.

ಒಳಗೆ ಮಿಷನ್ನು ನಿಂತಿತು. ಕತ್ತರಿಯಮ್ಮ ಬಾಯಿಂದ ಸೂಜಿಗಳನ್ನು ತೆಗೆದು ಮೇಜಿನ ಮೇಲಿಟ್ಟಳು. ಪೂರ್ತಿ ಬಾಯಿ ಬಿಟ್ಟು ಮಾತಾಡುವ ಸಂದರ್ಭಗಳು ಅವಳ ಬದುಕಿನಲ್ಲಿ ಕಡಿಮೆ.

"ರೀ, ಒಡೆಯೋಕೆ ಆಗದಿದ್ದರೆ ಹೇಳಿ. ಬೇರೆ ಮೇಸ್ತ್ರಿನ ಕರೆಸ್ತೀನಿ."

"ಬೇರೆ ಮೇಸ್ತ್ರಿಯಾ? ಇದನ್ನು ಒಡೆಯೋ ಮೇಸ್ತ್ರಿ ಇನ್ನೂ ಹುಟ್ಟಿಲ್ಲ ಕಣೇ!" ಎಂದು ಮೇಸ್ತ್ರಿ ಸುತ್ತಿಗೆ ಎತ್ತಿದ.